ಸಹಾಯ ಬೇಕು: ಸಿಕ್ಯೂಸಿ ತಪಾಸಣೆ, ಮೆಥೊಟ್ರೆಕ್ಸೇಟ್ ರಕ್ತಪರೀಕ್ಷೆ ದಾಖಲೆ

ಇಂಗ್ಲೆಂಡಿನ ಜಿಪಿ ಸರ್ಜರಿಗಳಲ್ಲಿ (ಕುಟುಂಬ ವೈದ್ಯರ ಕ್ಲಿನಿಕ್) ಕೆಲಸ ಮಾಡುವ ಕನ್ನಡಿಗರಲ್ಲಿ ವಿನಂತಿ. ಸಿಕ್ಯೂಸಿಯವರು (ಆರೋಗ್ಯ ಸೇವೆಗಳ ಗುಣಮಟ್ಟ ತಪಾಸಣೆ ಮಾಡುವ ಸಂಸ್ಥೆ) ಬಂದರೆ ಲಸಿಕೆ ಫ್ರಿಜ್‌ನ 2ರಿಂದ 8 ಡಿಗ್ರಿ ತಾಪಮಾನದ ಪಟ್ಟಿ ನೋಡಿ ಸುಮ್ಮನಾಗುವುದಿಲ್ಲ, ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆಯನ್ನೇ ಜಾಲಾಡುತ್ತಾರೆ. ಸಂಧಿವಾತದಂಥ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ಡೋಸ್ ಸ್ಥಿರವಾದ ಮೇಲೂ ಸಾಮಾನ್ಯವಾಗಿ 12 ವಾರಕ್ಕೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಆಗಬೇಕು. ಪರೀಕ್ಷೆ ಆಸ್ಪತ್ರೆಯಲ್ಲಾದರೆ ಫಲಿತಾಂಶ ಎಷ್ಟೋ ಸಲ ಸರ್ಜರಿಯ ಸಿಸ್ಟಮ್‌ಗೆ ಬರುವುದೇ ಇಲ್ಲ. ಸಿಸ್ಟಮ್‌ನಲ್ಲಿ ಹುಡುಕಿದರೆ ಪರೀಕ್ಷೆ 'ಬಾಕಿ' ಎನ್ನುತ್ತದೆ, ರಿಪೀಟ್ ಪ್ರಿಸ್ಕ್ರಿಪ್ಷನ್ (ಅದೇ ಔಷಧಿಯ ಮರು ಚೀಟಿ) ಮಾತ್ರ ಹೋಗುತ್ತಲೇ ಇರುತ್ತದೆ. ವೈದ್ಯರು ಆಸ್ಪತ್ರೆ ಪೋರ್ಟಲ್‌ನಲ್ಲಿ ನೋಡಿಯೇ ಸಹಿ ಹಾಕಿದ್ದರೂ, ನೋಡಿದ್ದನ್ನು ಬರೆದಿಡದಿದ್ದರೆ ಲೆಕ್ಕಕ್ಕಿಲ್ಲ (ಅದು ನ್ಯಾಯವೇ ಬಿಡಿ).

ನಿಮ್ಮಲ್ಲಿ ಪರೀಕ್ಷೆಯ ದಿನಾಂಕ, ಫಲಿತಾಂಶವನ್ನು ಕೋಡ್ ಮಾಡಿ (ಹುಡುಕಿದಾಗ ಸಿಗುವ ಹಾಗೆ) ಸಿಸ್ಟಮ್‌ಗೆ ಸೇರಿಸುವವರು ಯಾರು, ಫಾರ್ಮಸಿಸ್ಟರೋ ಆಫೀಸಿನವರೋ? ಪರೀಕ್ಷೆ ತಪ್ಪಿಸಿದವರಿಗೆ ಮಾತ್ರೆ ಒಮ್ಮೆಲೇ ನಿಲ್ಲಿಸದೆ, ಒಂದು ಸಲಕ್ಕೆ ಕಡಿಮೆ ದಿನಗಳ ಮಾತ್ರೆ ಮಾತ್ರ ಕೊಡುತ್ತೀರಾ? ಟೆಂಪ್ಲೇಟ್ ಇದ್ದರೆ, ರೋಗಿಗಳ ವಿವರ ತೆಗೆದು, ದಯವಿಟ್ಟು ಹಂಚಿಕೊಳ್ಳಿ.