ಅಪ್‌ಡೇಟ್: ಶಿರಸಿ ಕಡೆಯ ಅಡಿಕೆ ತೋಟ

ಶಿರಸಿಯಾಚೆ, ಬಸ್ಸೇ ಹೋಗದ ಊರಲ್ಲಿ ತೋಟ, ಹಳೇ ಮನೆ ಮಾರಾಟಕ್ಕಿದೆ, ಕೃಷಿಕರಲ್ಲದ ನಾವು ತಗೊಳ್ಳಬಹುದಾ ಅಂತ ಕೇಳಿದ್ದೆ. ತಗೊಳ್ಳಬಹುದು. ನಮ್ಮಂಥವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲೇ ತೆಗೆದಿದ್ದಾರೆ.

ತಲೆನೋವು ಬೇರೆ ಕಡೆ ಇತ್ತು. ಮಾರುವವರು 'ಬೆಟ್ಟವೂ ನಿಮ್ಮದೇ' ಅಂತ ಹೇಳುತ್ತಲೇ ಇದ್ದರು, ರೇಟಲ್ಲೂ ಸೇರಿಸಿದ್ದರು. ಆದರೆ ಅದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಅಷ್ಟೇ, ಜಾಗ ಸರ್ಕಾರದ್ದು, ಅಲ್ಲಿ ಮನೆ ಗಿನೆ ಕಟ್ಟುವ ಹಾಗಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸಾಲವೂ ಕಂಡಿತು. ಸಾಲ ತೀರಿಸಿ, ಮಾರುವ ಪಾಲನ್ನು ಅಳೆದು ಬೇರೆಯಾಗಿ ತೋರಿಸುವ 11ಇ ನಕ್ಷೆ ಮಾಡಿಸಿ (ಅಣ್ಣತಮ್ಮಂದಿರ ಪಾಲೆಲ್ಲ ಒಂದೇ ಸರ್ವೆ ನಂಬರಲ್ಲಿದೆ), ಆಮೇಲೆ ಅಡ್ವಾನ್ಸ್ ಅಂದಿದ್ದೇವೆ.

ಮಳೆಗಾಲದಲ್ಲೇ ಹೋಗಿ ನೋಡಿ ಅಂತ ಯಾರೋ ಹೇಳಿದ್ದಿರಲ್ವಾ, ಥ್ಯಾಂಕ್ಸ್. ಹಳ್ಳಕ್ಕೆ ಇರುವುದು ಅಡಿಕೆ ಮರದ ಸಂಕ (ಕಾಲುಸೇತುವೆ). ಪಾಚಿ ಹಿಡಿದು ಜಾರುತ್ತದೆ, ಕೈಗೆ ಒಂದೇ ಬಿದಿರು. ಕಾರು ಈಚೆ ದಡದಲ್ಲೇ ಉಳಿಯಿತು. ಪಕ್ಕದ ಮನೆಯ ಅಜ್ಜಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ಕ್ಯಾನ್ ಹಿಡಿದು ಸಲೀಸಾಗಿ ದಾಟಿದರು. ನನ್ನ ಗಂಡ ದಾಟಿದ್ದು ಕೂತುಕೊಂಡು!

ಅಮ್ಮ ಬೇಡವೇ ಬೇಡ ಅಂತಿದ್ದಾರೆ. ನನಗಿನ್ನೂ ಆಸೆ ಇದೆ. ನಕ್ಷೆ ಬಂದ ಮೇಲೆ ರೇಟು ಮಾತಾಡುತ್ತೇವೆ, ಬೆಟ್ಟದ ಲೆಕ್ಕ ಬಿಟ್ಟು.