ಸ್ಟಾರ್ಟರ್ ಮೋಟಾರಿಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ,

ಹಳೇ ಕಾರುಗಳ ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಸ್ಟಾರ್ಟರ್ ಬದಲಿಸುವ ಪಾಠದಲ್ಲಿ ಎರಡು ಬಗೆ ಬರುತ್ತವೆ. ಒಂದರಲ್ಲಿ ಮೋಟಾರ್ ತಿರುಗಿದ ರಭಸಕ್ಕೆ ಪಿನಿಯನ್ (ಮೋಟಾರಿನ ಪುಟ್ಟ ಹಲ್ಲುಚಕ್ರ) ಜಾರಿ ಹೋಗಿ ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಅಯಸ್ಕಾಂತ) ಮೊದಲು ಪಿನಿಯನ್ ತಳ್ಳಿ ಹಲ್ಲಿಗೆ ಕೂರಿಸುತ್ತದೆ, ಆಮೇಲೆ ಮೋಟಾರ್ ತಿರುಗುತ್ತದೆ. ‘ಜಡತ್ವ ಪ್ರಾರಂಭಕ’, ‘ಪೂರ್ವಸಂಯೋಜಿತ ಪ್ರಾರಂಭಕ’ ಅಂತ ಬರೆದಿದ್ದೇನೆ. ನಡೆಯುತ್ತಾ?

* * *

ನಡೆಯಲ್ಲ. ‘ಜಡತ್ವ ಪ್ರಾರಂಭಕ’ ಅಂದರೆ ಸೋಮಾರಿತನ ಶುರು ಮಾಡಿಸುವ ಯಂತ್ರ ಅನ್ನಿಸುತ್ತದೆ.

‘ತೊಡಗು’ ಇರುವಾಗ ಸಂಸ್ಕೃತದ ಬಾಗಿಲಿಗೆ ಯಾಕೆ ಹೋದಿರಿ? ತಮಿಳಿನ ‘ತೊಡಂಗು’ಗೂ ಇದೇ ಅರ್ಥ. ತೊಡರು, ತೊಡಕು ಕೂಡ ಇದೇ ಬಳಗ ಅನ್ನುವುದು ನನ್ನ ಹಳೇ ವಾದ. ಸಿಕ್ಕಿಕೊಳ್ಳುವುದು, ಶುರುವಾಗುವುದು ಎರಡೂ ಒಂದೇ ಬೇರಿನಲ್ಲಿ! ಪಿನಿಯನ್ ಮಾಡುವ ಕೆಲಸವೂ ಅದೇ ಅಲ್ವಾ? ಓದುಗ, ಕೇಳುಗ ಇದ್ದ ಹಾಗೆ ‘ತೊಡಗಿಸುಗ’. ಚರ್ಚೆ ಮುಗಿಯಿತು.

* * *

ಎಲ್ಲಿ ಮುಗಿಯಿತು ಸ್ವಾಮಿ? ‘ತೊಡಗಿಸುಗ’ ಅನ್ನುವಷ್ಟರಲ್ಲಿ ನಾಲಗೆ ತೊಡರುತ್ತದೆ, ಬ್ಯಾಟರಿಯೂ ಇಳಿದಿರುತ್ತದೆ.

ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಸೆಲ್ಫ್ ಮೋಟ್ರು’. ಹಿಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ನಮ್ಮವರು ‘ಸ್ಟಾರ್ಟರ್’ ಉದುರಿಸಿ ‘ಸೆಲ್ಫ್’ ಇಟ್ಟುಕೊಂಡರು. ಇದು ಕನ್ನಡ ಅಲ್ಲದೆ ಇನ್ನೇನು? ಎರವಲು ಅಂತ ಮೂಗು ಮುರಿಯುವ ಮೊದಲು ನಿಮ್ಮದೇ ಪತ್ರ ಓದಿ. ಎರಡು ಸಲ ಬರೆದ ‘ಶುರು’ ಅರಬ್ಬಿ ಮೂಲದ್ದು.

ಕೈಪಿಡಿಯವರಿಗೆ: ಒಂದು ‘ತಿರುಗಿ ಕಚ್ಚುವ ಸೆಲ್ಫ್’, ಇನ್ನೊಂದು ‘ಕಚ್ಚಿ ತಿರುಗುವ ಸೆಲ್ಫ್’. ಓದಿದ ಕೂಡಲೇ ಕೆಲಸವೂ ತಿಳಿಯುತ್ತದೆ. ಹೆಸರು ಏನೇ ಇಡಿ, ಒಂದನ್ನು ತೆಗೆದು ಇನ್ನೊಂದನ್ನು ಸುಮ್ನೆ ಕೂರಿಸಬಾರದು ಅಂತ ದಪ್ಪಕ್ಷರದಲ್ಲಿ ಹಾಕಿ. ಪಿನಿಯನ್ ಹಲ್ಲು ಎಣಿಸಬೇಕು. ಕಾರು 6 ವೋಲ್ಟಿನದೋ 12 ವೋಲ್ಟಿನದೋ ನೋಡಬೇಕು. ಕೆಲವು ಕಾರುಗಳಲ್ಲಿ ಒಂದು ಬಗೆಯ ಪಿನಿಯನ್ ಒಂದು ಕಡೆಯಿಂದ ಬಂದರೆ ಇನ್ನೊಂದು ಬಗೆಯದು ಎದುರು ಕಡೆಯಿಂದ ಬರುತ್ತದೆ. ಆಗ ರಿಂಗ್ ಗೇರಿನ (ಫ್ಲೈವೀಲಿನ ಸುತ್ತಲಿನ ಹಲ್ಲುಬಳೆಯ) ಹಲ್ಲಿನ ಅಂಚು ಸವರಿರುವುದೂ ಆ ಕಾರಿನ ಪಿನಿಯನ್ ಬರುವ ಕಡೆಗೇ. ತಪ್ಪಿದರೆ ಹಲ್ಲೇ ಹೋಗುತ್ತದೆ. ವೈರಿಂಗೂ ಬದಲಾಗುತ್ತದೆ.

* * *

‘ಕಚ್ಚಿ ತಿರುಗುವ’ ತೆಗೆದುಕೊಂಡೆ. ಇಬ್ಬರಿಗೂ ಥ್ಯಾಂಕ್ಸ್. ಪುಟ ಕಳಿಸಿಬಿಟ್ಟೆ.

* * *

ನನ್ನ ಪತ್ರದ ‘ಶುರು’ ಎರಡನ್ನೂ ‘ಮೊದಲು’ ಅಂತ ತಿದ್ದಿಕೊಳ್ಳಿ. ‘ತೊಡಗಿಸುಗ’ ಮಾತ್ರ ಹಿಂದಕ್ಕೆ ತಗೊಳ್ಳಲ್ಲ.