ಪ್ಯಾನೆಲ್ ಬೋರ್ಡಿನ ಬೆನ್ನ ಹಿಂದೆ

ಆಟಿ ತಿಂಗಳ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಉಡುಪಿಯ ನಮ್ಮ ಮಾಮೂಲು ಹೋಟೆಲಿನಲ್ಲಿ ಗೋಳಿಬಜೆಯ ತಟ್ಟೆ ಮೇಜಿಗೆ ಬಂದು ಐದು ನಿಮಿಷವಾದರೂ ಶೆಟ್ಟರು ಕೈ ಹಾಕದೆ ಕುಳಿತದ್ದನ್ನು ಕಂಡು, ಬ್ಯಾಂಕಿನಿಂದ ನಿವೃತ್ತನಾದ ನನಗೂ, ವಿದ್ಯುತ್ ಗುತ್ತಿಗೆದಾರರಾದ ಡಿಸೋಜರಿಗೂ ಏನೋ ಅನಾಹುತವಾಗಿದೆಯೆಂದು ಖಾತ್ರಿಯಾಯಿತು. ಮಲ್ಪೆಯಲ್ಲಿ ಶೆಟ್ಟರದೊಂದು ಐಸ್ ಪ್ಲಾಂಟ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳ ಜೊತೆಗೆ ಅವರ ಪ್ಲಾಂಟಿಗೂ ರಜೆ. ಆ ಬಿಡುವಿನಲ್ಲಿ ಬಂದ ವಿದ್ಯುತ್ ಪರಿವೀಕ್ಷಕರು ಟೇಪು ಹಿಡಿದು ಅಳೆದು, ಲೋಪಗಳ ಪಟ್ಟಿಯೊಂದನ್ನು ಕೊಟ್ಟು ಹೋಗಿದ್ದರು.

“ಕರೆಂಟಿನ ಪ್ಯಾನೆಲ್ ಬೋರ್ಡಿಗೂ ಅದರ ಹಿಂದಿನ ಗೋಡೆಗೂ ನಡುವೆ 45 ಸೆಂಟಿಮೀಟರ್ ಬಿಟ್ಟಿದ್ದೇನೆ ಮಾರಾಯ್ರೇ. ಅದು 20ಕ್ಕಿಂತ ಕಡಿಮೆ ಇರಬೇಕಂತೆ, ಇಲ್ಲವಾದರೆ 75ಕ್ಕಿಂತ ಹೆಚ್ಚು ಇರಬೇಕಂತೆ. ಕಡಿಮೆಯಾದರೂ ಅಡ್ಡಿಯಿಲ್ಲ, ಹೆಚ್ಚಾದರೂ ಅಡ್ಡಿಯಿಲ್ಲ, ನಡುವೆ ಮಾತ್ರ ಆಗುವುದಿಲ್ಲ ಎಂದರೆ ಇದೆಂಥ ಕಾನೂನು? ಬುದ್ಧನೇ ಮಧ್ಯಮ ಮಾರ್ಗವನ್ನು ಹೇಳಿ ಹೋಗಿದ್ದಾನೆ” ಎಂದು ಶೆಟ್ಟರು ಗುಡುಗಿದರು.

“ಬುದ್ಧ ಹೇಳಿದ್ದು ನಿರ್ವಾಣಕ್ಕೆ ಶೆಟ್ರೇ. ನಿಮ್ಮ ಬೋರ್ಡಿನ ಹಿಂದೆ ಹೋದವನಿಗೂ ಸಿಗುವುದು ಅದೇ, ಸ್ವಲ್ಪ ಬೇಗ ಸಿಗುತ್ತದೆ” ಎಂದರು ಡಿಸೋಜರು.

ಈ ನಿಯಮ ನಿನ್ನೆ ಮೊನ್ನೆಯದಲ್ಲವೆಂದೂ, 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇದೇ ಅಂತರ 22.9 ಮತ್ತು 76.2 ಸೆಂಟಿಮೀಟರ್ ಎಂದಿತ್ತೆಂದೂ ಅವರು ವಿವರಿಸಿದರು. ದಶಾಂಶ ಕಂಡಲ್ಲಿ ಕಿವಿ ನಿಮಿರುವುದು ನನ್ನಂಥ ಬ್ಯಾಂಕಿನವರ ಹುಟ್ಟುಗುಣವಾದ್ದರಿಂದ ನಾನು ಕರವಸ್ತ್ರದಂಥ ಕಾಗದದ ಮೇಲೆ ಲೆಕ್ಕ ಹಾಕಿದೆ. ಅದು 9 ಇಂಚು ಮತ್ತು 30 ಇಂಚು. ಆಮೇಲೆ ಆ ಚಿಲ್ಲರೆಯನ್ನು ಕಳೆದು 20 ಮತ್ತು 75 ಎಂದು ಮಾಡಿದರಂತೆ.

“ಚಿಲ್ಲರೆ ಕಳೆದವರಿಗೆ ನಡುವಿನ ಜಾಗವನ್ನು ಸೇರಿಸುವುದಕ್ಕೆ ಏನಾಗಿತ್ತು?” ಎಂದು ಶೆಟ್ಟರು ಪಟ್ಟು ಬಿಡಲಿಲ್ಲ.

ಡಿಸೋಜರು ಮಾತಿಲ್ಲದೆ ಎದ್ದರು. ಜೇಬಿನಿಂದ ಟೇಪು ತೆಗೆದರು. ಹೋಟೆಲಿನ ಸಿಹಿತಿಂಡಿಯ ಕಪಾಟನ್ನು ಯಜಮಾನರ ಅಪ್ಪಣೆ ಪಡೆದು ಗೋಡೆಯಿಂದ ಸರಿಯಾಗಿ 45 ಸೆಂಟಿಮೀಟರಿಗೆ ಎಳೆದು ನಿಲ್ಲಿಸಿ, ಶೆಟ್ಟರ ಕೈಗೆ ಒಂದು ಚಮಚ ಕೊಟ್ಟು, “ಇದು ನಿಮ್ಮ ಸ್ಪ್ಯಾನರು. ಕಪಾಟಿನ ಹಿಂಬದಿಯೇ ಕರೆಂಟು ಹರಿಯುವ ಲೋಹದ ಸರಳು, ಬಸ್‌ಬಾರ್. ಒಳಗೆ ಹೋಗಿ ಒಂದು ನಟ್ಟು ಬಿಗಿ ಮಾಡಿ ಬನ್ನಿ” ಎಂದರು. ಶೆಟ್ಟರು ಉಸಿರು ಬಿಗಿಹಿಡಿದು ಅಡ್ಡಡ್ಡವಾಗಿ ಒಳಸೇರಿದರು. ಹೋಗುವುದೇನೋ ಹೋದರು, ಆದರೆ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡಾಗ ಹೊಟ್ಟೆ ಕಪಾಟಿಗೆ ಅಂಟಿತು. ಚಮಚ ಹಿಡಿದ ಮೊಣಕೈ ಮಡಚಲಾಗದೆ ಗೋಡೆಗೆ ತಾಗಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಒಂದು ಬೋಗುಣಿಯನ್ನು ಕೆಡವಿದ ಸದ್ದಿಗೆ ಅವರು ಬೆಚ್ಚಿದ್ದರಿಂದ ಕಪಾಟಿನೊಳಗಿನ ಮೈಸೂರುಪಾಕೆಲ್ಲ ನಡುಗಿತು.

“ಈಗ ನಿಮ್ಮ ಬೆನ್ನಿಗೆ ಗೋಡೆ, ಹೊಟ್ಟೆಗೆ 415 ವೋಲ್ಟು. 20ಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೆ ಬೆಕ್ಕು ಹೋದೀತು, ಮನುಷ್ಯನಿಗೆ ಹೋಗುವ ಆಸೆಯೇ ಹುಟ್ಟುವುದಿಲ್ಲ. 75ಕ್ಕಿಂತ ಹೆಚ್ಚಿದ್ದರೆ ಹೋದವನು ತಿರುಗಿ ಬರುತ್ತಾನೆ. ನಡುವಿನ ಜಾಗ ಬಾ ಎಂದು ಕರೆಯುತ್ತದೆ, ಹೋಗು ಎನ್ನುವುದಿಲ್ಲ” ಎಂದ ಡಿಸೋಜರು ಕುರ್ಚಿಯನ್ನು ಕಪಾಟಿನ ಪಕ್ಕಕ್ಕೆ ಎಳೆದುಕೊಂಡು, ಶೆಟ್ಟರು ತಪ್ಪಿಸಿಕೊಳ್ಳಲಾರರೆಂಬ ಧೈರ್ಯದಿಂದ, ಪಟ್ಟಿಯ ಉಳಿದ ಅಂಶಗಳ ವಿಚಾರಣೆಗೆ ತೊಡಗಿದರು. “ನಮ್ಮ ಇಗರ್ಜಿಯ ಪಾಪನಿವೇದನೆಯ ಗೂಡೂ ಇದಕ್ಕಿಂತ ಅಗಲವುಂಟು. ಪರವಾಗಿಲ್ಲ, ಹೇಳಿ. ಬೋರ್ಡಿನ ಮುಂದೆ ಹಾಸುವ ರಬ್ಬರ್ ಮ್ಯಾಟ್ ಎಲ್ಲಿ?”

“ನೆಲ ಯಾವಾಗಲೂ ಒದ್ದೆ. ಕೊಳೆಯಾಗುತ್ತದೆಂದು ಸುತ್ತಿ ಆಫೀಸಿನಲ್ಲಿಟ್ಟಿದ್ದೇನೆ.”

ನೆಲ ಒದ್ದೆಯಿರುವುದೇ ಮ್ಯಾಟ್ ಹಾಸುವುದಕ್ಕೆ ಕಾರಣವಲ್ಲವೇ ಎಂದು ನಾನು ಕೇಳಿದ್ದಕ್ಕೆ, ಬ್ಯಾಂಕಿನವರು ನಡುವೆ ಬಾಯಿ ಹಾಕಬಾರದೆಂದು ಕಪಾಟಿನ ಹಿಂದಿನಿಂದ ಉತ್ತರ ಬಂತು.

“ಅಪಾಯ ಕಂಡರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು, ಇ.ಎಲ್.ಸಿ.ಬಿ.?”

“ಅದು ಮಳೆಗಾಲದಲ್ಲಿ ಗಳಿಗೆಗೊಮ್ಮೆ ಟ್ರಿಪ್ ಆಗುತ್ತಿತ್ತು. ಹುಡುಗ ಅದನ್ನು ತಪ್ಪಿಸಿ ನೇರವಾಗಿ ಕೊಟ್ಟಿದ್ದಾನೆ.”

“ನಾಯಿ ರಾತ್ರಿ ಬೊಗಳುತ್ತದೆಂದು ಬಾಯಿ ಕಟ್ಟಿದ ಹಾಗಾಯಿತು. ಕರೆಂಟು ಎಲ್ಲಿಯೋ ಸೋರುತ್ತಿದೆ ಎಂದು ಅದು ಹೇಳುತ್ತಿದ್ದದ್ದು. ಉಪ್ಪುಗಾಳಿಗೆ ಮೋಟರಿನ ಟರ್ಮಿನಲ್ ಡಬ್ಬಿ ತುಕ್ಕು ಹಿಡಿದು ನೀರು ಕುಡಿದಿರಬೇಕು. ಹೋಗಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್?”

ಇಲ್ಲಿ ಶೆಟ್ಟರ ದನಿಗೆ ಜೀವ ಬಂತು. ಅರ್ತಿಂಗಿನ ರೋಧವನ್ನು ಕಳೆದ ವಾರವೇ ಅಳೆಸಿದ್ದೇನೆಂದೂ, ಅಷ್ಟು ಕಡಿಮೆ ಸಂಖ್ಯೆ ಜಿಲ್ಲೆಯಲ್ಲಿ ಯಾರಿಗೂ ಬಂದಿರಲಾರದೆಂದೂ ಹೆಮ್ಮೆಪಟ್ಟರು.

“ಆಟಿಯಲ್ಲಿ ಅಳೆದರೆ ಬಾರದೆ ಏನು? ಈ ಮಳೆಗೆ ಕಾಪುವಿನಿಂದ ಕುಂದಾಪುರದವರೆಗೆ ಇಡೀ ನೆಲವೇ ಅರ್ತಿಂಗ್ ಗುಂಡಿ. ಅದನ್ನು ಅಳೆಯಬೇಕಾದದ್ದು ಒಣ ಹವೆಯ ಕಾಲದಲ್ಲಿ, ಒಣಗಿದ ದಿನ. ಏಪ್ರಿಲ್ ಕೊನೆಯಲ್ಲಿ ನಿಮ್ಮ ಗುಂಡಿಗೆ ಯಾರಾದರೂ ಒಂದು ಕೊಡ ನೀರು ಹಾಕುತ್ತಾರಾ? ಅದು ಬಿಡಿ, ಒಂದೊಂದು ಮೋಟರಿನ ಮೈಗೂ ಎರಡು ಪ್ರತ್ಯೇಕ ಅರ್ತ್ ಇರಬೇಕು. ಉಂಟಾ?”

“ಎರಡು ಲೋಹದ ಪಟ್ಟಿ ಎಳೆದಿದ್ದೇನೆ.”

“ಎರಡೂ ಎಲ್ಲಿಗೆ ಹೋಗುತ್ತವೆ?”

“ಒಂದೇ ಗುಂಡಿಗೆ.”

ಡಿಸೋಜರು ಹಣೆ ಚಚ್ಚಿಕೊಂಡರು. ಗುಂಡಿಯ ಕ್ಲಾಂಪು ಒಂದು ತುಕ್ಕು ತಿಂದು ಬಿದ್ದರೆ ಎರಡು ಪಟ್ಟಿಗಳೂ ಒಟ್ಟಿಗೆ ಅನಾಥವಾಗುತ್ತವೆ ಎಂಬುದು ನನಗೇ ಅರ್ಥವಾಯಿತೆಂದ ಮೇಲೆ ಯಾರಿಗಾದರೂ ಅರ್ಥವಾಗಲೇಬೇಕು.

ಕಪಾಟನ್ನು ಸರಿಸಿ ಶೆಟ್ಟರನ್ನು ಬಿಡಿಸಿಕೊಂಡ ಮೇಲೆ ತಣ್ಣಗಾದ ಗೋಳಿಬಜೆಯ ಮುಂದೆ ಪರಿಹಾರದ ಮಾತು ನಡೆಯಿತು. ಬೋರ್ಡನ್ನು ಹಿಂದಕ್ಕೆ ತಳ್ಳಿ 20ರೊಳಗೆ ತಂದರೆ ಹಿಂಬದಿಯ ಜೋಡಣೆಗಳನ್ನು ಮುಟ್ಟುವ ಹಾಗಿಲ್ಲ. ಮುಂದಕ್ಕೆ ಎಳೆದರೆ ಮುಂಬದಿಯಲ್ಲಿ ಬಿಡಲೇಬೇಕಾದ 1 ಮೀಟರ್ ಜಾಗವನ್ನು ಉಪ್ಪುನೀರಿನ ಟ್ಯಾಂಕು ತಿನ್ನುತ್ತದೆ. ಉಳಿದದ್ದು ಹಿಂದಿನ ಗೋಡೆ.

“ಗೋಡೆಯ ಆಚೆ ಏನುಂಟು?” ಎಂದು ಡಿಸೋಜರು ಕೇಳಿದರು.

“ನನ್ನ ಕ್ಯಾಬಿನ್” ಎಂದ ಶೆಟ್ಟರು, ಕೊನೆಯ ಗೋಳಿಬಜೆಯನ್ನು ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಗೋಡೆಯನ್ನು ಒಂದಡಿಗಿಂತ ಸ್ವಲ್ಪ ಜಾಸ್ತಿ ಒಳಗೆ ತಂದರೆ ಬಂದವರು ಕೂರುವ ಎರಡು ಕುರ್ಚಿಗಳನ್ನು ತೆಗೆಯಬೇಕಾಗುತ್ತದೆ. ಇನ್ನು ನೀವಿಬ್ಬರು ಬಂದರೆ ಆ ಮ್ಯಾಟ್ ಮೇಲೆಯೇ ನಿಲ್ಲಬೇಕು, ಅದನ್ನು ಹೇಗೂ ಹಾಸುತ್ತೇನಲ್ಲ.”